ಆನೆ ಬಂದಿದೆ ಅನ್ನೋ ಸುದ್ದಿ ಊರಿಗೆಲ್ಲ ಸರಿಯಾಗಿ ಮುಟ್ಟಿಸೋದು ಹೇಗೆ: ಕಾಫಿ ಸೀಮೆಯವರಿಗೆ ಒಂದು ಮಾರ್ಗದರ್ಶಿ

ಆಲೂರು, ಸಕಲೇಶಪುರ, ಬೇಲೂರು ಕಡೆಯಿಂದ, ಈಚೀಚೆಗೆ ಮೂಡಿಗೆರೆ ಮತ್ತೆ ಕೊಡಗಿನ ಕಡೆಯಿಂದಲೂ, ಒಂದೇ ಪ್ರಶ್ನೆ ಬರ್ತಾ ಇದೆ. "ಆನೆ ಬಂದಾಗ ತಿಳಿಸೋಕೆ ಅಂತ ವಾಟ್ಸಾಪ್ ಗ್ರೂಪ್ ಮಾಡಿದ್ವಿ, ಎರಡು ತಿಂಗಳು ಚೆನ್ನಾಗಿ ನಡೀತು, ಈಗ ಅದರಲ್ಲಿ ಬರೀ ಗುಡ್ ಮಾರ್ನಿಂಗ್ ಫೋಟೋ, ಇಲ್ಲಾಂದ್ರೆ ಜಗಳ, ಏನ್ ಮಾಡೋದು?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಬರೆದು ಸಾಕಾಗಿ ಎಲ್ಲಾನೂ ಒಂದೇ ಕಡೆ ಬರೀತಾ ಇದ್ದೀನಿ. ಉದ್ದ ಇದೆ, ಆದ್ರೂ ಪೂರ್ತಿ ಓದಿ, ಇದರಲ್ಲಿ ಒಂದು ಹಂತ ಬಿಟ್ರೂ ಮುಂದಿಂದು ನಿಲ್ಲಲ್ಲ.

ಮೊದಲು ಇದು ಯಾಕೆ ಬೇಕು ಅನ್ನೋದು ಎರಡು ಮಾತಲ್ಲಿ. 2023ರ ಗಣತಿ ಪ್ರಕಾರ ಕರ್ನಾಟಕದಲ್ಲಿ 6,395 ಆನೆ ಇದ್ವು. ನಮ್ಮ ಆಲೂರು ಸಕಲೇಶಪುರ ಭಾಗದಲ್ಲಿ 2014ರಲ್ಲಿ 22 ಆನೆ ಹಿಡಿದು ಸಾಗಿಸಿದ್ರು, ಇನ್ನು ತೊಂದರೆ ಮುಗೀತು ಅಂತ ಎಲ್ಲರೂ ಅಂದ್ಕೊಂಡ್ವಿ, ಮುಗೀಲಿಲ್ಲ, ಬೇರೆ ಆನೆ ಬಂದ್ವು. ಅಂದ್ರೆ ಆನೆ ನಮ್ಮ ತೋಟದಲ್ಲಿ ಇರತ್ತೆ, ನಾವೂ ಇರ್ತೀವಿ, ಇಬ್ಬರೂ ಎದುರಾಬದುರಾ ಆಗದ ಹಾಗೆ ನೋಡ್ಕೊಳ್ಳೋದೇ ಈಗ ನಮ್ಮ ಕೈಲಿರೋ ಕೆಲಸ. ತಮಿಳುನಾಡಿನ ವಾಲ್ಪಾರೈಲಿ ಇದನ್ನ ಮಾಡಿ ತೋರಿಸಿದ್ದಾರೆ. ಅಲ್ಲೂ ನಮ್ಮ ಹಾಗೇ ತೋಟ, ಮಧ್ಯ ಮಧ್ಯ ಕಾಡಿನ ತುಂಡು. ಅಲ್ಲಿ ಆನೆಯಿಂದ ಸತ್ತವರ ವಿವರ ನೋಡಿದಾಗ ಹೆಚ್ಚಿನವರಿಗೆ ಹತ್ತಿರದಲ್ಲೇ ಆನೆ ಇದೆ ಅನ್ನೋದೇ ಗೊತ್ತಿರಲಿಲ್ಲ. ಹಂಗಾಗಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅನ್ನೋ ವನ್ಯಜೀವಿ ಸಂಶೋಧನಾ ಸಂಸ್ಥೆಯವರು ಮೊದಲು ಕೇಬಲ್ ಟೀವಿ ಪರದೆ ಕೆಳಗೆ ಓಡೋ ಅಕ್ಷರದಲ್ಲಿ, 2011ರಿಂದ ಎಸ್ಸೆಮ್ಮೆಸ್ಸಲ್ಲಿ, ಜೊತೆಗೆ ಎತ್ತರದ ಜಾಗದಲ್ಲಿ ಕೆಂಪು ದೀಪ ಹಾಕಿ ಸುದ್ದಿ ಕೊಡೋಕೆ ಶುರು ಮಾಡಿದ್ರು. ದೀಪ ಫೋನಿಂದಲೇ ಹತ್ತಿಸೋದು, ಹೋಗ್ತಾ ಹೋಗ್ತಾ ಊರವರೇ ಹತ್ತಿಸೋಕೆ ಶುರು ಮಾಡಿದ್ರು. ನನಗೆ ಈ ಪೂರ್ತಿ ಕತೆಲಿ ದೊಡ್ಡ ವಿಷಯ ಅಂದ್ರೆ ಅದೇ.

ಶುರು ಮಾಡೋಕೆ ಏನೇನು ಬೇಕು ಅಂದ್ರೆ, ಮಾತಿಗೆ ನಿಲ್ಲೋ ಐದಾರು ಜನ, ಒಂದು ಸ್ಮಾರ್ಟ್ ಫೋನು, ಒಂದು ದಪ್ಪ ನೋಟ್‌ಬುಕ್ಕು, ಗೇಟಲ್ಲಿ ನೇತಾಕೋಕೆ ಒಂದು ಕರಿ ಹಲಗೆ, ಸೀಮೆಸುಣ್ಣ. ಅಷ್ಟೇ. ದುಡ್ಡು ಆಮೇಲಿನ ಮಾತು.

1. ಮೊದಲು ರೇಂಜ್ ಆಫೀಸಿಗೆ ಹೋಗಿ

ಗ್ರೂಪ್ ಮಾಡೋಕೂ ಮುಂಚೆ ನಿಮ್ಮ ವಲಯ ಅರಣ್ಯಾಧಿಕಾರಿ, ಅಂದ್ರೆ ನಾವು ಆರ್‌ಎಫ್‌ಓ ಅಂತೀವಲ್ಲ, ಅವರನ್ನ ಮತ್ತೆ ನಿಮ್ಮ ಬೀಟ್ ಗಾರ್ಡನ್ನ (ನಿಮ್ಮ ಭಾಗ ನೋಡ್ಕೊಳ್ಳೋ ಅರಣ್ಯ ರಕ್ಷಕರು) ಕಂಡು ಮಾತಾಡಿ. ಹಾಸನ ಜಿಲ್ಲೆಲಿ ಇಲಾಖೆಯಿಂದಲೇ ಎಸ್ಸೆಮ್ಮೆಸ್, ಕನ್ನಡದಲ್ಲಿ ವಾಯ್ಸ್ ಕಾಲ್, ರಸ್ತೆ ಬದಿ ಡಿಜಿಟಲ್ ಬೋರ್ಡು ಎಲ್ಲ ಇವೆ, ಎಷ್ಟೋ ಜನ ತಮ್ಮ ನಂಬರೇ ಕೊಟ್ಟಿಲ್ಲ. ಮೊದಲು ಊರವರ ನಂಬರ್ ಪಟ್ಟಿ ಮಾಡಿ ಅಲ್ಲಿಗೆ ಸೇರಿಸಿ. 2022ರಲ್ಲಿ ಹಾಸನ, ಕೊಡಗು, ಚಿಕ್ಕಮಗಳೂರು, ಮೈಸೂರು ಜಿಲ್ಲೆಗೆ ಆನೆ ಟಾಸ್ಕ್ ಫೋರ್ಸ್ ಅಂತ ಮಾಡಿದ್ದಾರೆ, ಆನೆ ಎಲ್ಲಿದೆ ಅಂತ ಹಿಂದೆ ಬಿದ್ದು ನೋಡ್ಕೊಳ್ಳೋರು, ಓಡಿಸೋಕೆ ಬರೋರು ಅವರೇ. ಅವರ ನಂಬರ್ ಇಸ್ಕೊಳ್ಳಿ. ರಾಜ್ಯದ ಅರಣ್ಯ ಸಹಾಯವಾಣಿ 1926, ಅದನ್ನ ಎಲ್ಲರ ಫೋನಲ್ಲೂ ಸೇವ್ ಮಾಡಿಸಿ.

ಇಲ್ಲಿ ಆಗೋ ತಪ್ಪು: ಇಲಾಖೆ ಮೇಲಿನ ಸಿಟ್ಟಿಗೆ "ನಾವೇ ಮಾಡ್ಕೊತೀವಿ" ಅಂತ ಬೇರೆ ಗ್ರೂಪ್ ಮಾಡೋದು. ಸಿಟ್ಟಿಗೆ ಕಾರಣ ಇದ್ದೇ ಇರತ್ತೆ, ಬೆಳೆ ಹೋದವರಿಗೆ ಗೊತ್ತು ಅದರ ಸಂಕಟ. ಆದ್ರೆ ಒಂದೇ ಆನೆ ಬಗ್ಗೆ ಎರಡು ಕಡೆಯಿಂದ ಎರಡು ಥರ ಸುದ್ದಿ ಬಂದ್ರೆ ಜನ ಎರಡನ್ನೂ ನಂಬೋದು ಬಿಡ್ತಾರೆ.

2. ಜಾಗಗಳಿಗೆ ಒಂದೇ ಹೆಸರು ಮಾಡ್ಕೊಳ್ಳಿ

ಇದನ್ನ ಯಾರೂ ಮಾಡಲ್ಲ, ಹಾಗಾಗಿ ಎಲ್ಲ ಇಲ್ಲೇ ಕೆಡೋದು. "ಕೆರೆ ಹತ್ರ ಆನೆ ಇದೆ" ಅಂತ ನಾನೇ ಒಂದ್ಸಲ ಹಾಕಿದ್ದೆ, ಮೇಲಿನ ಕೇರಿಯವರಿಗೆ ಕೆರೆ ಅಂದ್ರೆ ಒಂದು, ಕೆಳಗಿನವರಿಗೆ ಇನ್ನೊಂದು, ಮೆಸೇಜ್ ನೋಡಿದ ಒಬ್ಬರು ಇದು ಸೇಫ್ ದಾರಿ ಅಂದ್ಕೊಂಡು ನೇರ ಆನೆ ಇದ್ದ ಕಡೆಗೇ ಹೋದ್ರು. ಏನೂ ಆಗಲಿಲ್ಲ, ಆದ್ರೆ ಅವತ್ತಿಂದ ನಾನು ಹೆಸರಿನ ವಿಷಯದಲ್ಲಿ ಭಾರಿ ಕಟ್ಟುನಿಟ್ಟು.

ಒಂದು ಸಂಜೆ ಊರ ಕಟ್ಟೆ ಮೇಲೆ ಕೂತ್ಕೊಂಡು ಒಂದು ದೊಡ್ಡ ಹಾಳೆಲಿ ನಕ್ಷೆ ಬರೀರಿ. ಚೆಂದ ಬರಬೇಕಿಲ್ಲ. ರಸ್ತೆ, ಕಾಲುದಾರಿ, ಹೊಳೆ, ಕೆರೆ, ಹಡ್ಲು, ಗದ್ದೆ ಬಯಲು, ಲೈನ್ ಮನೆಗಳು (ತೋಟದ ಕೆಲಸದವರು ಇರೋ ಸಾಲು ಮನೆ), ಸ್ಕೂಲು, ಬಸ್ ಸ್ಟಾಪು, ಆನೆ ಯಾವಾಗಲೂ ದಾಟೋ ಜಾಗ. ಒಂದೊಂದು ಜಾಗಕ್ಕೂ ಎಲ್ಲರೂ ಒಪ್ಪೋ ಒಂದು ಹೆಸರು ಇಡಿ. ತೋಟದ ಮಾಲೀಕರ ಹೆಸರಲ್ಲಿ ಜಾಗ ಕರಿಯೋ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಅದು ಬೇಡ, ತೋಟ ಕೈ ಬದಲಾಗತ್ತೆ, ಹೊಸ ಕೆಲಸದವರಿಗೆ ಗೊತ್ತಾಗಲ್ಲ. ಮರ, ಬಂಡೆ, ಸೇತುವೆ, ತಿರುವು, ಇಂಥವು ಒಳ್ಳೇದು. ಕೆಲಸಕ್ಕೆ ಬರೋ ಹೆಂಗಸರನ್ನ ತಪ್ಪದೆ ಕೂರಿಸ್ಕೊಳ್ಳಿ. ಬೆಳಿಗ್ಗೆ ಆರೂವರೆಗೆ ಆ ಕಾಲುದಾರಿಲಿ ನಡೆಯೋರು ಅವರು, ಯಾವ ತಿರುವಲ್ಲಿ ಮುಂದೆ ಏನೂ ಕಾಣಲ್ಲ ಅನ್ನೋದು ಅವರಿಗೆ ಗೊತ್ತಿರೋ ಅಷ್ಟು ಜೀಪಲ್ಲಿ ಓಡಾಡೋರಿಗೆ ಗೊತ್ತಿರಲ್ಲ.

3. ಯಾರು ನೋಡೋರು, ಯಾರು ಹಾಕೋರು

ಸುದ್ದಿ ಕೊಡೋರು ಎಷ್ಟು ಜನ ಬೇಕಾದ್ರೂ ಇರಲಿ, ಹಾಕೋರು ಮೂರೇ ಜನ ಇರಲಿ. ವಾಟ್ಸಾಪಲ್ಲಿ "ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು" ಅನ್ನೋ ಸೆಟ್ಟಿಂಗ್ ಇದೆ, ಮೊದಲ ದಿನವೇ ಅದನ್ನ ಆನ್ ಮಾಡಿ. ಗ್ರೂಪಲ್ಲಿ 1,024 ಜನರವರೆಗೆ ಸೇರಿಸಬಹುದು, ಅಷ್ಟು ಜನಕ್ಕೂ ಮಾತಾಡೋಕೆ ಬಿಟ್ರೆ ಬೆಳಗಿನ ಜಾವದ ಮೆಸೇಜು ಹುಟ್ಟುಹಬ್ಬದ ಶುಭಾಶಯದ ಕೆಳಗೆ ಹೂತು ಹೋಗತ್ತೆ. ಜನಕ್ಕೆ ಮಾತಾಡೋ ಆಸೆ ಇರತ್ತೆ, ಅದು ತಪ್ಪಲ್ಲ, ಅದಕ್ಕೆ ಇನ್ನೊಂದು ಗ್ರೂಪ್ ಮಾಡ್ಕೊಡಿ. ಪರಿಹಾರದ ಅರ್ಜಿ, ಬೇಲಿ, ಸರ್ಕಾರಕ್ಕೆ ಬೈಯೋದು ಎಲ್ಲ ಅಲ್ಲಿ.

ಹಾಕೋ ಮೂವರಲ್ಲಿ ಒಬ್ಬರು ಬೆಳಗಿನ ಜಾವ ನಾಲ್ಕಕ್ಕೆ ಏಳೋರಾಗಿರಲಿ, ಒಬ್ಬರು ರಾತ್ರಿ ಹನ್ನೊಂದರ ತನಕ ಎದ್ದಿರೋರು. ಸುದ್ದಿ ಬಂದ ತಕ್ಷಣ ಹಾಕಬೇಡಿ, ಕೊಟ್ಟವರಿಗೆ ಒಂದು ಕಾಲ್ ಮಾಡಿ ಮೂರೇ ಪ್ರಶ್ನೆ ಕೇಳಿ: ನೀವೇ ಕಣ್ಣಾರೆ ನೋಡಿದ್ರಾ, ಎಷ್ಟು ಹೊತ್ತಾಯ್ತು, ಯಾವ ಕಡೆ ಮುಖ ಮಾಡಿತ್ತು. ಒಂದು ನಿಮಿಷದ ಕೆಲಸ. ಕಣ್ಣಾರೆ ನೋಡಿಲ್ಲ, ಲದ್ದಿ ಬಿಸಿ ಇತ್ತು, ಬೈನೆ ಮರ ಮುರಿಯೋ ಸದ್ದು ಕೇಳ್ತು ಅಂದ್ರೂ ಹಾಕಬಹುದು, ಆದ್ರೆ "ಸದ್ದು ಕೇಳಿದೆ, ಕಂಡಿಲ್ಲ" ಅಂತ ಹಾಗೇ ಬರೀರಿ.

4. ಮೆಸೇಜ್ ಬರೆಯೋದು

ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ, ಯಾಕಂದ್ರೆ ಉಳಿದಿದ್ದೆಲ್ಲ ಸರಿ ಇದ್ದು ಇದು ತಪ್ಪಿದ್ರೆ ಏನೂ ಉಪಯೋಗ ಇಲ್ಲ. ಮೆಸೇಜಲ್ಲಿ ಐದು ವಿಷಯ ಇರಬೇಕು, ಇದೇ ಕ್ರಮದಲ್ಲಿ: ಹೊತ್ತು, ಜಾಗ, ಎಷ್ಟು ಆನೆ ಮತ್ತೆ ಎಂಥದ್ದು, ಯಾವ ಕಡೆ ಹೋಗ್ತಾ ಇದೆ, ಈಗ ನಾವು ಏನ್ ಮಾಡಬೇಕು.

ಹೊತ್ತು ಮೊದಲು ಯಾಕಂದ್ರೆ ನಮ್ಮ ತೋಟದ ತಗ್ಗಲ್ಲಿ ನೆಟ್‌ವರ್ಕ್ ಸಿಗಲ್ಲ, ಆರು ಗಂಟೆ ಮೆಸೇಜು ಒಂಬತ್ತಕ್ಕೆ ಬಂದು ಬೀಳತ್ತೆ. ಅದನ್ನ ಆಗ ಓದೋರಿಗೆ ಇದು ಈಗಿನದ್ದಾ ಆಗಿಂದಾ ಗೊತ್ತಾಗಬೇಕು. "ಈಗ", "ಇವತ್ತು", "ಸ್ವಲ್ಪ ಹೊತ್ತಿಗೆ ಮುಂಚೆ" ಇವು ಮೂರೂ ನಿಮ್ಮ ಮೆಸೇಜಲ್ಲಿ ಬರಲೇ ಕೂಡದು.

ಎಂಥದ್ದು ಅನ್ನೋದೂ ಮುಖ್ಯ. ಮರಿ ಇರೋ ಹಿಂಡಾ, ಒಂಟಿ ಗಂಡಾ, ಮದ ಬಂದಿದ್ಯಾ. ಮದ ಅಂದ್ರೆ ಗಂಡಾನೆಗೆ ಬೆದೆ ಬರೋ ಕಾಲ, ಕಣ್ಣು ಕಿವಿ ಮಧ್ಯದಿಂದ ದ್ರವ ಸುರೀತಾ ಇರತ್ತೆ, ಆಗ ಅದಕ್ಕೆ ಸಿಟ್ಟು ಜಾಸ್ತಿ, ಓಡಾಟಾನೂ ಜಾಸ್ತಿ. ಇನ್ನು ಮಖನಾ ಅಂತ ಇರತ್ತೆ, ದಂತ ಇಲ್ಲದ ಗಂಡಾನೆ. ದೂರದಿಂದ ಹೆಣ್ಣಾನೆ ಹಾಗೆ ಕಾಣತ್ತೆ, "ಹೆಣ್ಣಾನೆ ಪಾಪ" ಅಂತ ಹತ್ರ ಹೋಗೋ ಜನ ಇದ್ದಾರೆ, ದಯವಿಟ್ಟು ಗೊತ್ತಿದ್ರೆ ಬರೀರಿ. (ಹೆಣ್ಣಾನೆನೂ ಪಾಪ ಏನಲ್ಲ, ಮರಿ ಜೊತೆಗಿದ್ರಂತೂ ಅದು ಯಾರನ್ನೂ ಹತ್ರ ಸೇರಿಸಲ್ಲ.)

ಕೊನೇದು, ಏನ್ ಮಾಡಬೇಕು ಅನ್ನೋದು. "ಎಚ್ಚರಿಕೆಯಿಂದಿರಿ" ಅಂತ ಬರೆದ್ರೆ ಏನೂ ಬರೆದ ಹಾಗಲ್ಲ, ಜನ ಎಚ್ಚರಿಕೆಯಿಂದಲೇ ಅದೇ ದಾರಿಲಿ ಹೋಗ್ತಾರೆ. "ಸೇತುವೆ ದಾರಿ ಬಿಟ್ಟು ಡಾಂಬರು ರಸ್ತೆಲಿ ಬನ್ನಿ", "ಎಂಟು ಗಂಟೆ ತನಕ ತೋಟಕ್ಕೆ ಇಳೀಬೇಡಿ", "ಮಕ್ಕಳನ್ನ ನಡೆಸಿ ಕಳಿಸಬೇಡಿ", ಹೀಗೆ ಕೈಗೆ ಸಿಗೋ ಹಾಗೆ ಹೇಳಿ.

ಕೆಟ್ಟ ಮೆಸೇಜ್ ಹೀಗಿರತ್ತೆ: "ಎಲ್ಲರ ಗಮನಕ್ಕೆ, ಪುಂಡಾನೆ ಊರಿಗೆ ಎಂಟ್ರಿ ಕೊಟ್ಟಿದೆ, ಎಲ್ಲರೂ ಹುಷಾರ್, ಎಲ್ಲರಿಗೂ ಶೇರ್ ಮಾಡಿ." ಇದರಲ್ಲಿ ಹೊತ್ತಿಲ್ಲ, ಜಾಗ ಇಲ್ಲ, ಮಾಡೋ ಕೆಲಸ ಇಲ್ಲ, ಬರೀ ಹೆದರಿಕೆ ಇದೆ. ನಾಳೆ ಇದು ಬೇರೆ ತಾಲ್ಲೂಕಿಗೆ ಹೋಗಿ ನಾಡಿದ್ದು ಅಲ್ಲಿಂದ ನಿಮಗೇ ಹೊಸ ಸುದ್ದಿ ಅಂತ ವಾಪಸ್ ಬರತ್ತೆ.

ಒಳ್ಳೇದು ಹೀಗೆ: "ಬೆಳಿಗ್ಗೆ 6:10. ಕೆಳಗದ್ದೆ. 3 ಆನೆ. ಕಣದ ಕಡೆ. ತೋಟಕ್ಕೆ ಇಳಿಯಬೇಡಿ."

ಎಸ್ಸೆಮ್ಮೆಸ್ ಕಳಿಸೋರಿಗೆ ಒಂದು ಲೆಕ್ಕ. ಇಂಗ್ಲಿಷಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಅದೂ ನಾವು ಎಣಿಸೋ ಅಕ್ಷರ ಅಲ್ಲ, ಒತ್ತು ಕೊಂಬು ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. "ಗ್ಗೆ" ಅನ್ನೋದು ನಮಗೆ ಒಂದಕ್ಷರ, ಫೋನಿಗೆ ನಾಲ್ಕು. ಖಾಲಿ ಜಾಗ, ಚುಕ್ಕಿನೂ ಲೆಕ್ಕಕ್ಕೆ ಬರತ್ತೆ. ಮೇಲಿನ ಒಳ್ಳೇ ಮೆಸೇಜ್ ಎಣಿಸಿದ್ರೆ 58 ಬರತ್ತೆ, ಒಂದೇ ಎಸ್ಸೆಮ್ಮೆಸ್ಸಲ್ಲಿ ಹೋಗತ್ತೆ. 70 ದಾಟಿದ್ರೆ ತುಂಡಾಗಿ ಎರಡಾಗತ್ತೆ, ಖರ್ಚೂ ಎರಡರದ್ದು, ನೆಟ್‌ವರ್ಕ್ ಕೆಟ್ಟಿದ್ರೆ ಒಂದು ತುಂಡು ಬಂದು ಇನ್ನೊಂದು ಬರದೇ ಇರಬಹುದು.

ಹಾಗೇ ಇನ್ನೊಂದು, ನೂರಾರು ಜನಕ್ಕೆ ಒಟ್ಟಿಗೆ ಹೋಗೋ ಬಲ್ಕ್ ಎಸ್ಸೆಮ್ಮೆಸ್ ನಾವು ನಾವೇ ಕಳಿಸೋಕೆ ಆಗಲ್ಲ. ಅದಕ್ಕೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ ಡಿಎಲ್‌ಟಿ ನೋಂದಣಿ ಆಗಬೇಕು, ಅಂದ್ರೆ ಕಳಿಸೋ ಸಂಸ್ಥೆ ಹೆಸರು, ಮೆಸೇಜಿನ ಮಾದರಿ ಎಲ್ಲ ಮೊದಲೇ ಟೆಲಿಕಾಂ ಕಂಪನಿ ಹತ್ರ ಬರೆಸಿರಬೇಕು. ಊರಿನ ಗುಂಪಿಗೆ ಅದು ತಲೆನೋವು, ಇಲಾಖೆ ಮಾಡಲಿ, ನೀವು ಅವರಿಗೆ ಸುದ್ದಿ ಕೊಡಿ. ನಿಮ್ಮ ಕೈಲಿ ವಾಟ್ಸಾಪು, ಫೋನ್ ಕಾಲು ಮತ್ತೆ ಹಲಗೆ ಇದೆ.

5. ಫೋನ್ ಇಲ್ಲದವರಿಗೆ, ಕನ್ನಡ ಓದಕ್ಕೆ ಬರದವರಿಗೆ

ನನ್ನ ಕೇಳಿದ್ರೆ ಇಡೀ ವ್ಯವಸ್ಥೆ ಗಟ್ಟಿ ಇದೆಯಾ ಇಲ್ವಾ ಅಂತ ನೋಡಬೇಕಾದ್ದು ಇಲ್ಲೇ. ಆನೆ ಎದುರಿಗೆ ಬರೋದು ಹೆಚ್ಚಾಗಿ ನಡ್ಕೊಂಡು ಹೋಗೋರಿಗೆ. ಬೆಳಿಗ್ಗೆ ಕೆಲಸಕ್ಕೆ ಬರೋರು, ಸಂಜೆ ಸೌದೆ ತಗೊಂಡು ಹೋಗೋರು, ಬಸ್ಸಿಳಿದು ಎರಡು ಕಿಲೋಮೀಟರ್ ನಡೆಯೋರು. ಇವರಲ್ಲಿ ಎಷ್ಟೋ ಜನಕ್ಕೆ ಸ್ಮಾರ್ಟ್ ಫೋನ್ ಇಲ್ಲ, ಇದ್ರೂ ಡೇಟಾ ಇಲ್ಲ, ಫೋನ್ ಗಂಡನ ಹತ್ರ, ಮಗನ ಹತ್ರ ಇರತ್ತೆ. ಗ್ರೂಪಲ್ಲಿ ನಾನೂರು ಜನ ಇದ್ದಾರೆ ಅಂತ ಖುಷಿ ಪಡಬೇಡಿ, ಆ ನಾನೂರರಲ್ಲಿ ಬೆಂಗಳೂರಲ್ಲಿ ಕೂತಿರೋ ಮಾಲೀಕರೆಷ್ಟು, ನಾಳೆ ಬೆಳಿಗ್ಗೆ ಆ ದಾರಿ ತುಳಿಯೋರೆಷ್ಟು ಅಂತ ಒಂದ್ಸಲ ಎಣಿಸಿ.

ನಾವು ಮಾಡ್ಕೊಂಡಿರೋದು ಹೀಗೆ. ಪ್ರತಿ ಲೈನಿಗೆ ಒಬ್ಬರು ಅಂತ, ಸಾಧ್ಯ ಆದ್ರೆ ಒಬ್ಬ ಹೆಂಗಸು, ಅವರಿಗೆ ನೇರ ಫೋನ್ ಹೋಗತ್ತೆ, ಮೆಸೇಜ್ ಅಲ್ಲ, ಫೋನು. ಅವರು ಎತ್ತಿ "ಆಯ್ತು" ಅನ್ನೋ ತನಕ ಕೆಲಸ ಮುಗೀಲಿಲ್ಲ ಅಂತ ಲೆಕ್ಕ. ಅವರು ಲೈನ್ ಮನೆಗಳಿಗೆ ಬಾಯಲ್ಲಿ ಹೇಳ್ತಾರೆ. ಮೇಸ್ತ್ರಿಗೆ, ರೈಟರಿಗೆ (ತೋಟದ ಲೆಕ್ಕ ಬರೆಯೋರು) ಬೇರೆ ಫೋನು, ಹಾಜರಿ ತಗೊಳ್ಳೋಕೆ ಮುಂಚೆ ಅವರಿಗೆ ಗೊತ್ತಿರಬೇಕು. ಆಮೇಲೆ ಕೆಲಸದವರನ್ನ ತರೋ ಪಿಕಪ್ ಡ್ರೈವರು, ಸ್ಕೂಲ್ ವ್ಯಾನಿನವರು, ಹಾಲಿನ ಡೈರಿಯವರು. ಡೈರಿ ಮರೀಬೇಡಿ, ನಸುಕಲ್ಲಿ ಮೊದಲು ಮನೆ ಬಿಟ್ಟು ಹೊರಡೋರು ಹಾಲು ಹಾಕೋರೇ.

ಭಾಷೆ ವಿಷಯ. ನಮ್ಮ ತೋಟಗಳಲ್ಲಿ ಈಗ ಅಸ್ಸಾಂ ಕಡೆಯವರು, ಜಾರ್ಖಂಡ್ ಕಡೆಯವರು, ತಮಿಳರು ಎಲ್ಲ ಇದ್ದಾರೆ. ಕನ್ನಡದಲ್ಲಿ ಎಷ್ಟು ಚೆಂದ ಬರೆದ್ರೂ ಅವರಿಗೆ ಅದು ಗೀಟು. ಅವರಲ್ಲೇ ಒಬ್ಬರ ದನಿಲಿ ನಾಲ್ಕೈದು ವಾಯ್ಸ್ ಮೆಸೇಜ್ ಮೊದಲೇ ರೆಕಾರ್ಡ್ ಮಾಡಿಸಿ ಇಟ್ಕೊಳ್ಳಿ, "ಸೇತುವೆ ಹತ್ರ ಆನೆ ಇದೆ, ಹೊರಗೆ ಬರಬೇಡಿ" ಈ ಥರ ಜಾಗಕ್ಕೊಂದು. ಬೇಕಾದಾಗ ಕಳಿಸಿದ್ರಾಯ್ತು. ಅವರ ಊರಲ್ಲೂ ಆನೆ ಇದಾವೆ, ಅವರಿಗೆ ಆನೆ ಹೊಸದಲ್ಲ, ನಮ್ಮ ದಾರಿ ಹೊಸದು. ಹೊಸಬರು ಬಂದ ದಿನವೇ ನಕ್ಷೆ ತೋರಿಸಿ ಒಂದು ಸುತ್ತು ಕರ್ಕೊಂಡು ಹೋಗಿ ಬನ್ನಿ.

ಕರಿ ಹಲಗೆ ಗೇಟಲ್ಲಿ ಇರಲಿ, ಆನೆ ಚಿತ್ರ, ಬಾಣದ ಗುರುತು, ಹೊತ್ತು. ಓದಕ್ಕೆ ಬರದಿದ್ರೂ ಬಾಣ ಎಲ್ಲರಿಗೂ ಅರ್ಥ ಆಗತ್ತೆ. ನಿನ್ನೆದನ್ನ ಅಳಿಸೋದು ಒಬ್ಬರ ಜವಾಬ್ದಾರಿ ಅಂತ ಗೊತ್ತು ಮಾಡಿ, ಮೂರು ದಿನದ ಹಿಂದಿಂದು ಹಾಗೇ ಇದ್ರೆ ನಾಲ್ಕನೇ ದಿನದಿಂದ ಆ ಹಲಗೆ ಯಾರೂ ನೋಡಲ್ಲ.

ರೇಡಿಯೋನೂ ಬಿಡೋ ಹಾಗಿಲ್ಲ. ಛತ್ತೀಸ್‌ಗಢದಲ್ಲಿ ಆಕಾಶವಾಣಿಯವರೇ "ಹಮಾರ್ ಹಾಥಿ ಹಮಾರ್ ಗೋಠ್" ಅಂತ ಅಲ್ಲಿನ ಜನರ ಭಾಷೆಲಿ ಆನೆ ಎಲ್ಲೆಲ್ಲಿದೆ ಅಂತ ಹೇಳೋ ಕಾರ್ಯಕ್ರಮ ಮಾಡಿದ್ದಾರೆ. ನಮ್ಮಲ್ಲಿ ಸದ್ಯಕ್ಕೆ ಪಂಚಾಯ್ತಿ ಮೈಕು, ದೇವಸ್ಥಾನದ ಮೈಕು ಇದೆ, ತೀರಾ ಹತ್ರ ಬಂದಾಗ ಮಾತ್ರ ಅದನ್ನ ಬಳಸಿ.

6. "ಆನೆ ಹೋಯ್ತು" ಅಂತ ಯಾವತ್ತೂ ಹಾಕಬೇಡಿ

ಹಿಂಡಲ್ಲಿ ಏಳಿದ್ವು, ಆರು ರಸ್ತೆ ದಾಟಿದ್ವು, ಒಂದು ಹಲಸಿನ ಮರದ ಕೆಳಗೇ ನಿಂತಿರತ್ತೆ. ಕಾಫಿ ಗಿಡದ ಮಧ್ಯ ಅಷ್ಟು ದೊಡ್ಡ ಪ್ರಾಣಿ ಹದಿನೈದು ಅಡಿ ದೂರದಲ್ಲಿದ್ರೂ ಕಾಣಲ್ಲ, ಇದು ತೋಟದಲ್ಲಿ ನಡೆದವರಿಗೆಲ್ಲ ಗೊತ್ತಿರೋದೇ. "ಕೊನೆಗೆ ಕಂಡಿದ್ದು 7:40, ಹೊಳೆ ದಾಟಿದ್ದು 6 ಆನೆ" ಅಂತ ಕಂಡಿದ್ದನ್ನ ಮಾತ್ರ ಹಾಕಿ, ಸೇಫ್ ಅನ್ನೋ ಪದ ಬೇಡ. ನೀವು ಸೇಫ್ ಅಂದಿರೋದನ್ನ ನಂಬಿ ಒಬ್ಬರು ಹೋಗ್ತಾರೆ ಅನ್ನೋದು ನೆನಪಿರಲಿ.

ತಪ್ಪು ಸುದ್ದಿ ಹೋದ್ರೆ ಡಿಲೀಟ್ ಮಾಡಿ ಸುಮ್ಮನಾಗಬೇಡಿ. ಓದಿದವರು ಓದಿ ಆಗಿರತ್ತೆ. "6:10ಕ್ಕೆ ಹಾಕಿದ್ದು ತಪ್ಪು, ಜಾಗ ಕೆಳಗದ್ದೆ ಅಲ್ಲ, ಮೇಲಿನ ಬಂಡೆ" ಅಂತ ಹೊಸದಾಗಿ ಹಾಕಿ.

7. ಹಾಕಬಾರದ್ದು

ಆನೆ ಓಡಿಸೋ ವೀಡಿಯೋ, ಪಟಾಕಿ ಹೊಡೆಯೋ ವೀಡಿಯೋ, ಹತ್ರದಿಂದ ತೆಗೆದ ಸೆಲ್ಫಿ ಹಾಕಬೇಡಿ. ನೋಡಿದ ಹುಡುಗರು ನಾಳೆ ಇನ್ನೂ ಹತ್ರ ಹೋಗ್ತಾರೆ. ದಂತ ಇರೋ ಆನೆ ಫೋಟೋ ಲೊಕೇಶನ್ ಜೊತೆ ಊರಾಚೆ ಹೋಗೋ ಹಾಗೆ ಹಾಕಬೇಡಿ, ದಂತಕ್ಕೆ ಕಾಯೋರು ಇದಾರೆ. ಆನೆ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಶೆಡ್ಯೂಲಲ್ಲಿರೋ ಪ್ರಾಣಿ, ಅಂದ್ರೆ ಕಾನೂನಲ್ಲಿ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿ. ಬೇಲಿಗೆ ನೇರ ಕರೆಂಟ್ ಕೊಡಿ ಅನ್ನೋ ಥರದ ಸಲಹೆ ಗ್ರೂಪಲ್ಲಿ ಕಂಡ್ರೆ ಅವತ್ತೇ ತೆಗೀರಿ, ಅದರಲ್ಲಿ ಆನೆ ಜೊತೆ ಮನುಷ್ಯರು, ದನ ಎಲ್ಲ ಸಾಯ್ತಾರೆ.

ಯಾರಾದ್ರೂ ತೀರಿಕೊಂಡ ದಿನ ದೇಹದ ಫೋಟೋ, ಮನೆಯವರು ಅಳೋ ವೀಡಿಯೋ ಯಾರೇ ಕಳಿಸಿದ್ರೂ ಹಾಕಬೇಡಿ. ಅವರ ಮಕ್ಕಳೂ ಅದೇ ಗ್ರೂಪಲ್ಲಿ ಇರ್ತಾರೆ. ಅವತ್ತು ಊರಿಗೆ ಬೇಕಾಗಿರೋದು ಆ ಆನೆ ಈಗ ಎಲ್ಲಿದೆ ಅನ್ನೋ ಸುದ್ದಿ, ಅದನ್ನ ಇನ್ನೂ ಬಿಗಿಯಾಗಿ ಕೊಡಿ. ದಸರಾ ಅಂಬಾರಿ ಹೊತ್ತಿದ್ದ ಅರ್ಜುನ 2023 ಡಿಸೆಂಬರ್ 4ಕ್ಕೆ ಯಸಳೂರು ಹತ್ರ ಕಾಡಾನೆ ಹಿಡಿಯೋ ಕಾರ್ಯಾಚರಣೆಲಿ ಸತ್ತಾಗ ನಮ್ಮ ಫೋನಿಗೆಲ್ಲ ಎಷ್ಟು ಥರದ ಕತೆ ಬಂತು ಅಂತ ಈ ಭಾಗದವರಿಗೆ ನೆನಪಿರಬಹುದು. ಅಂಥ ಹೊತ್ತಲ್ಲಿ ಒಂದು ಗ್ರೂಪಾದ್ರೂ ಕಂಡಿದ್ದನ್ನ ಮಾತ್ರ ಹೇಳೋದು ಅಂತ ಇರಬೇಕು.

ಪದಗಳ ಬಗ್ಗೆನೂ ಒಂದು ಮಾತು. "ಪುಂಡಾನೆ", "ನರಹಂತಕ", "ಅಟ್ಟಹಾಸ" ಇವೆಲ್ಲ ಬೇಡ. ಪದ ಬಿಸಿಯಾದ ಹಾಗೆ ಜನ ಬಿಸಿಯಾಗ್ತಾರೆ, ಇಪ್ಪತ್ತು ಜನ ಕಲ್ಲು ಹಿಡ್ಕೊಂಡು ಹೋಗ್ತಾರೆ, ಗಾಬರಿ ಬಿದ್ದ ಆನೆ ದಾರಿ ಬಿಟ್ಟು ಲೈನ್ ಕಡೆಗೆ ನುಗ್ಗತ್ತೆ. ಹಾಗಂತ ಬೆಳೆ ಕಳ್ಕೊಂಡವರಿಗೆ ಆನೆ ನಮ್ಮ ಪರಂಪರೆ ಅಂತ ಭಾಷಣ ಮಾಡೋದೂ ಬೇಡ, ಅವರು ಗ್ರೂಪ್ ಬಿಟ್ಟು ಹೋಗ್ತಾರೆ, ಆಮೇಲೆ ಅವರ ಗದ್ದೆಲಿ ಆನೆ ಇದ್ರೂ ನಿಮಗೆ ಸುದ್ದಿ ಬರಲ್ಲ. ನಮ್ಮೂರ ಜನ ಭೀಮ, ಕ್ಯಾಪ್ಟನ್ ಅಂತ ಆನೆಗಳಿಗೆ ಹೆಸರಿಟ್ಟಿದ್ದಾರೆ, ಅದು ಒಳ್ಳೇದೇ, ಯಾವ ಆನೆ ಹೇಗೆ ನಡ್ಕೊಳ್ಳತ್ತೆ ಅನ್ನೋದು ಆ ಹೆಸರಲ್ಲೇ ಗೊತ್ತಾಗತ್ತೆ. ಆದ್ರೆ ಖಾತ್ರಿ ಇಲ್ಲದೆ ಹೆಸರು ಹಾಕಬೇಡಿ. ಭೀಮ ಸಾಧು ಅಂತ ನಂಬಿ ನಿಂತವರ ಎದುರಿಗೆ ಬಂದಿದ್ದು ಬೇರೆ ಆನೆ ಆಗಿರಬಹುದು, ಭೀಮನೇ ಆದ್ರೂ ಅದು ಕಾಡಾನೆ.

8. ನೋಟ್‌ಬುಕ್

ಹಾಕಿದ ಪ್ರತಿ ಮೆಸೇಜನ್ನ ಒಂದು ಸಾಲಲ್ಲಿ ಬರೆದಿಡಿ, ತಾರೀಖು, ಹೊತ್ತು, ಜಾಗ, ಎಷ್ಟು. ಎರಡು ನಿಮಿಷದ ಕೆಲಸ ಅಂತ ಎಲ್ಲರೂ ಬಿಡೋದು ಇದನ್ನೇ. ಒಂದು ವರ್ಷ ಬರೆದ್ರೆ ಹಲಸು ಹಣ್ಣಾಗೋ ಹೊತ್ತಲ್ಲಿ ಎಲ್ಲಿ ಬರತ್ತೆ, ಭತ್ತ ಕಾಳು ಕಟ್ಟಿದಾಗ ಯಾವ ಬಯಲಿಗೆ ಇಳಿಯತ್ತೆ, ಕಾಫಿ ಕುಯಿಲಿನ ಸಮಯದಲ್ಲಿ ಯಾವ ತೋಟದಲ್ಲಿ ಹಗಲು ಕಳೆಯತ್ತೆ ಅಂತ ನಿಮಗೇ ಕಾಣತ್ತೆ, ಮುಂದಿನ ವರ್ಷ ಆ ವಾರಕ್ಕೆ ಕೆಲಸ ಬೇರೆ ಕಡೆ ಹಾಕ್ಕೋಬಹುದು. ಬೀದಿ ದೀಪ ಎಲ್ಲಿ ಬೇಕು, ಸ್ಕೂಲ್ ವ್ಯಾನ್ ಎಲ್ಲಿ ತನಕ ಬರಬೇಕು ಅಂತ ಪಂಚಾಯ್ತಿಲಿ ಕೇಳೋವಾಗ ಬಾಯಿ ಮಾತಿಗಿಂತ ಈ ಪುಸ್ತಕ ಗಟ್ಟಿ. ತಿಂಗಳಿಗೊಮ್ಮೆ ಬೀಟ್ ಗಾರ್ಡಿಗೆ ತೋರಿಸಿ. ಅವರ ಹತ್ರ ರೇಡಿಯೋ ಕಾಲರ್ ಹಾಕಿದ ಆನೆಗಳ ಮಾಹಿತಿ ಇರತ್ತೆ, ಅಂದ್ರೆ ಕೊರಳಿಗೆ ಕಟ್ಟೋ, ಜಾಗ ತಿಳಿಸೋ ಪಟ್ಟಿ, ಎರಡನ್ನೂ ಪಕ್ಕ ಇಟ್ಟು ನೋಡಿದ್ರೆ ನಿಮ್ಮ ಕಣ್ಣು ತಪ್ಪಿಸಿದ ದಾರಿ ಯಾವುದು ಅಂತ ಗೊತ್ತಾಗತ್ತೆ.

ಪುಸ್ತಕ ಯಾರ ಮನೆ ಬೀರುವಿನಲ್ಲೂ ಇಡಬೇಡಿ. ಕಣದ ಮನೆಲಿ ಮಳೆ ಎರಚಲು ಬೀಳದ ಗೋಡೆಗೆ ಮೊಳೆ ಹೊಡೆದು ನೇತಾಕಿ, ಪೆನ್ನಿಗೂ ಒಂದು ದಾರ ಕಟ್ಟಿ.